ಮೊರದಲ್ಲಿ ಉಳಿದ ವಾಷರ್

ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಆ ದಿನದ ಕೆಲಸಗಳನ್ನು ಹೀಗೆ ಬರೆದಿಟ್ಟಿದ್ದೇನೆ:

ಐದಕ್ಕೆ ಎದ್ದೆ. ನಲ್ಲಿಯಲ್ಲಿ ನೀರು ಬಂತು, ಹನ್ನೊಂದು ಬಿಂದಿಗೆ ಹಿಡಿದೆ. ಅಂಗಳ ಗುಡಿಸಿ ನೀರು ಹಾಕಿದೆ. ಕೋಳಿ ಬಿಡಲಿಲ್ಲ, ಇವತ್ತು ಕ್ಲಚ್ ಕೆಲಸ. ಅವರೆಕಾಯಿ ಸುಲಿದೆ. ರೊಟ್ಟಿ ತಟ್ಟಿದೆ. ಹೊಸ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಹಾಕಿದೆ. ವಳ್ಳೂರಿನವರ ಬೈಕು, ಹಬ್, ಪ್ಲೇಟು, ಸ್ಪ್ರಿಂಗು, ವಾಷರು ಎಲ್ಲ ಹೊಸದು. ತಿಮ್ಮಕ್ಕನಿಗೆ ಮೊರ ಕೊಟ್ಟೆ. ಬೈಕಿನವರಿಗೆ ಊಟಕ್ಕಿಟ್ಟು ಕಳಿಸಿದೆ.

ಅಲ್ಲಿಗೆ ಆ ಹಾಳೆ ನಿಂತಿದೆ. ಸಂಜೆಯ ಕೆಲಸ, ರಾತ್ರಿಯ ಊಟ, ಯಾರು ಮೊದಲು ಮಲಗಿದರು ಎಂಬುದನ್ನು ನಾನು ದಿನವೂ ತಪ್ಪದೆ ಬರೆಯುವವಳು. ಆ ದಿನದ್ದು ಮಾತ್ರ ಮಾರನೆಯ ದಿನದ ಹಾಳೆಗೆ ಹೋಯಿತು.

ನನ್ನ ಹೆಸರು ಸಾವಿತ್ರಿ. ತವರು ಕೊರಟಗೆರೆ, ಕೊಟ್ಟಿದ್ದು ಮಧುಗಿರಿಗೆ. ನಮ್ಮ ಯಜಮಾನರು ರಂಗಸ್ವಾಮಿ ಪಾವಗಡ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೈಕ್ ರಿಪೇರಿ ಮಾಡುತ್ತಾರೆ. ಅವರ ಅಂಗಡಿಗೆ ಬಂದ ಹಳೇ ಬೈಕುಗಳ ಕ್ಲಚ್ ಕೆಲಸವನ್ನು ಇಪ್ಪತ್ಮೂರು ವರ್ಷ ನಾನು ಮನೆಯ ಅಂಗಳದಲ್ಲಿ ಕೂತು ಮಾಡಿದೆ. ಹೋದ ವರ್ಷ ಬಲಗೈ ಹೆಬ್ಬೆಟ್ಟು ಮಾತು ಕೇಳದಾಯಿತು, ಬಿಟ್ಟೆ. ಮೊನ್ನೆ ಈ ಕೆಲಸ ಕಲಿಯುತ್ತಿರುವ ಇಬ್ಬರು ಹೆಣ್ಣುಮಕ್ಕಳು ಮನೆಗೆ ಬಂದಿದ್ದರು. ಅವರಲ್ಲೊಬ್ಬಳು, "ಆಂಟಿ, ನಿಮಗೆ ಧೈರ್ಯ ಯಾವಾಗ ಬಂತು?" ಎಂದು ಕೇಳಿದಳು. ಬರಲೇ ಇಲ್ಲ ಕಣಮ್ಮ ಎಂದೆ. ತಮಾಷೆ ಎಂದುಕೊಂಡು ನಕ್ಕರು. ತಮಾಷೆಯಲ್ಲ ಎನ್ನುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಶೆಡ್ಡಿನಲ್ಲಿ ಮಾಡದೆ ಮನೆಗೇಕೆ ತಂದೆವು ಎಂದರೆ, ಧೂಳು. ಲಾರಿಯೊಂದು ಹೋದರೆ ಶೆಡ್ಡಿನೊಳಗೆ ಎದುರಿದ್ದವರ ಮುಖ ಕಾಣುತ್ತಿರಲಿಲ್ಲ. ಬೈಕಿನ ಬೇರೆ ಕೆಲಸಕ್ಕೆ ಅಷ್ಟು ಧೂಳು ನಡೆಯುತ್ತದೆ, ಕ್ಲಚ್ಚಿಗೆ ನಡೆಯುವುದಿಲ್ಲ. ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಹಿಡಿಸುವುದು, ಬೇಕಾದಾಗ ಬಿಡಿಸುವುದು ಅದರ ಕೆಲಸ. ಒಂದರ ಮೇಲೊಂದು ಕೂತ ಪ್ಲೇಟೆಂಬ ತೆಳ್ಳನೆಯ ಬಿಲ್ಲೆಗಳು ಎಣ್ಣೆಯಲ್ಲಿ ಅಪ್ಪಿಕೊಂಡು, ಬಿಟ್ಟುಕೊಂಡು ಆ ಕೆಲಸ ಮಾಡುತ್ತವೆ. ನಡುವೆ ಮರಳಿನ ಒಂದು ಕಣ ಸೇರಿದರೂ ಗೀರು. ಅದಕ್ಕೆ ಯಜಮಾನರು ಬೈಕನ್ನು ತಳ್ಳಿಕೊಂಡು ಮನೆಗೆ ತರುತ್ತಿದ್ದರು. ಗೋಣಿಚೀಲ ಹಾಸಿ ಎಡಮಗ್ಗುಲಿಗೆ ಮಲಗಿಸಿದರೆ ಎಣ್ಣೆ ಬಸಿಯದೆ ಬಲಬದಿಯ ಮುಚ್ಚಳ ತೆಗೆಯಬಹುದು. ಮೊದಮೊದಲು ನಾನು ಬಿಚ್ಚಿದ ಸಾಮಾನನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಡುತ್ತಿದ್ದೆ, ಅಷ್ಟೆ. ಪಾತ್ರೆ ತೊಳೆದ ಹಾಗೆ ಅದೂ ಒಂದು.

ನನ್ನನ್ನು ಅದರೊಳಗೆ ಕೂರಿಸಿದವರು ಸಿರಾದ ಬಾಷಾ ಸಾಬರು. ಯಜಮಾನರಿಗೆ ಕೆಲಸ ಕಲಿಸಿದ ಉಸ್ತಾದರು ಅವರೇ. ಮಗಳನ್ನು ಮಧುಗಿರಿಗೆ ಕೊಟ್ಟಿದ್ದರಿಂದ ಆಗಾಗ ಬರುತ್ತಿದ್ದರು. ಒಂದು ದಿನ ನಾನು ತೊಳೆದ ಪ್ಲೇಟುಗಳನ್ನು ಒರೆಸಿ ತೆಳ್ಳಗಿನವು, ದಪ್ಪನೆಯವು ಎಂದು ಬೇರೆ ಬೇರೆ ಇಡುತ್ತಿದ್ದುದನ್ನು ನೋಡಿದರು.

"ಯಾರಮ್ಮಾ ಹೇಳಿಕೊಟ್ರು ನಿಂಗೆ ಇದು?"

"ಯಾರೂ ಇಲ್ಲ ಸಾಬ್ರೇ. ಬೆರಳಿಗೆ ಬ್ಯಾರೆ ಬ್ಯಾರೆ ಸಿಕ್ತವೆ."

ಅವರು ಯಜಮಾನರ ಕಡೆ ತಿರುಗಿದರು. "ಅರೇ ರಂಗಾ, ನಿಂದು ಸುತ್ತಿಗೆ ಕೈ. ಈಯಮ್ಮಂದು ಕ್ಲಚ್ ಕೈ. ಬುಡು ಅವಳಿಗೆ. ನೀನು ಚೈನ್ ಬಿಗೀ ಹೋಗು."

ಯಜಮಾನರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಅವರೇ ಬೈಕ್ ತಂದು ಅಂಗಳದಲ್ಲಿ ಮಲಗಿಸಿ, ಸ್ಪ್ಯಾನರ್ ಚೀಲ ನನ್ನ ಮುಂದೆ ಇಟ್ಟು, ಕಾಫಿ ಕೇಳಿದರು.

ಉಸ್ತಾದರು ಕಲಿಸಿದ್ದು ಬಹಳವಿಲ್ಲ. ಉಕ್ಕಿನ ಪ್ಲೇಟನ್ನು ಕನ್ನಡಿಯ ಮೇಲಿಟ್ಟು ನೋಡು, ಅಲ್ಲಾಡಿದರೆ ಸೊಟ್ಟ. ಸ್ಪ್ರಿಂಗಿನ ನಾಲ್ಕು ಬೋಲ್ಟುಗಳನ್ನು ಒಂದೊಂದನ್ನೇ ಪೂರ್ತಿ ಬಿಚ್ಚಬೇಡ. ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸು. ಹೊಸ ಪ್ಲೇಟನ್ನು ಎಣ್ಣೆಯಲ್ಲಿ ನೆನೆಸದೆ ಹಾಕಬೇಡ. ಇನ್ನೊಂದು, ಮೊರದ್ದು. ಗೂಡೆಯ ಪಕ್ಕ ಒರಗಿಸಿಟ್ಟಿದ್ದ ನನ್ನ ಮೊರವನ್ನು ಅವರೇ ಎತ್ತಿ ತಂದರು.

"ಬಿಚ್ಚಿದ್ದನ್ನ ಬಲದಿಂದ ಎಡಕ್ಕೆ ಸಾಲಾಗಿ ಇಡು. ಕಟ್ಟುವಾಗ ಎಡದಿಂದ ತಗೋತಾ ಬಾ. ಮೊರ ಖಾಲಿ ಆಯ್ತಾ, ಕೆಲ್ಸ ಖತಂ. ಒಂದೇ ಒಂದು ಉಳೀತಾ, ಗಾಡಿ ಹೊಸಲು ದಾಟಂಗಿಲ್ಲ. ಅಷ್ಟೇ ನೋಡು ಪಾಠ."

ಆ ಪಾಠವನ್ನು ನಾನು ವೇದವೆಂದು ಹಿಡಿದೆ. ಕೊನೆಗೆ ನನಗೆ ಪೆಟ್ಟು ಕೊಟ್ಟದ್ದೂ ಅದೇ.

ಉಸ್ತಾದರಿಗೂ ಒಂದು ಭಯವಿತ್ತು. ಸಿರಾದ ಅವರ ಅಂಗಡಿಯ ಗೋಡೆಯ ಮೇಲೆ, ದೇವರ ಹೆಸರು ಬರೆದ ಹಲಗೆಯ ಕೆಳಗೆ, ಒಂದು ಲಾಕ್ ವಾಷರನ್ನು ಮೊಳೆ ಹೊಡೆದು ತೂಗುಹಾಕಿದ್ದರು. ಅದು ತೆಳ್ಳನೆಯ ತಗಡಿನ ಬಿಲ್ಲೆ. ಹಳೇ ಒಂದು ರೂಪಾಯಿ ನಾಣ್ಯದ ಅಗಲ, ನಡುವೆ ತೂತು, ಅಂಚಿನಲ್ಲಿ ಪುಟ್ಟ ಕಿವಿಗಳು. ಕ್ಲಚ್ಚಿನ ನಡುವೆ, ಪ್ಲೇಟುಗಳನ್ನು ಹೊರುವ ಹಬ್ ಎಂಬ ಸಾಮಾನನ್ನು ಒಂದು ದೊಡ್ಡ ನಟ್ಟು ಹಿಡಿದಿರುತ್ತದೆ. ನಟ್ಟಿನ ಕೆಳಗೆ ಈ ವಾಷರ್ ಕೂರಬೇಕು. ನಟ್ಟು ಬಿಗಿದ ಮೇಲೆ ವಾಷರಿನ ಕಿವಿಯನ್ನು ಮಡಚಿ ನಟ್ಟಿನ ಮಗ್ಗುಲಿಗೆ ಒತ್ತಿದರೆ ನಟ್ಟು ತಾನಾಗಿ ತಿರುಗಲಾರದು.

"ಒಬ್ಬನ ಗಾಡೀಲಿ ಇದನ್ನ ಹಾಕದೆ ಬುಟ್ಟಿದ್ದೆ ಕಣಮ್ಮಾ," ಎಂದು ಒಮ್ಮೆ ಮಾತ್ರ ಹೇಳಿದರು. "ನಟ್ಟು ಸಡಿಲ ಆಯ್ತು. ಒಳಗೆ ಏನೋ ಮುರಿದು ಸಿಕ್ಕಾಕ್ಕಂಡು, ಓಡ್ತಾ ಓಡ್ತಾ ಹಿಂದಿನ ಚಕ್ರ ನಿಂತೋಯ್ತು. ಹೈವೇ ಮ್ಯಾಲೆ. ಜೀವ ಉಳೀತು. ಕಾಲು ಹೋಯ್ತು. ನಂದೇ ಕೈ ಕೆಲ್ಸ ಅದು." ಆಮೇಲೆ ಅವರು ಚಹಾ ಕುಡಿಯಲಿಲ್ಲ. ಆ ಲೋಟ ಆರಿ ಕೆನೆ ಕಟ್ಟಿದ್ದು ನನ್ನ ಕಣ್ಣಿಗೆ ಇನ್ನೂ ಕಟ್ಟಿದ ಹಾಗಿದೆ.

ಅಂದಿನಿಂದ ನನ್ನ ಕೈಯಿಂದ ಬಿಗಿದ ಬೈಕು ಮನೆಯ ತಿರುವು ದಾಟಿದ ಮೇಲೂ ಅದರ ಸದ್ದು ಕೇಳಿಸುವಷ್ಟು ದೂರ ಕೇಳಿಸಿಕೊಳ್ಳುತ್ತ ನಿಲ್ಲುವುದು ರೂಢಿಯಾಯಿತು. ಆ ಬೈಕು ಮತ್ತೆ ಎಲ್ಲಾದರೂ ಕಣ್ಣಿಗೆ ಬೀಳುವವರೆಗೆ ಭಯ ಇಳಿಯುತ್ತಿರಲಿಲ್ಲ. ಸಂತೆಗೆ ಹೋದರೆ ಜನರ ಮುಖ ನೋಡುತ್ತಿರಲಿಲ್ಲ, ನಿಲ್ಲಿಸಿದ ಬೈಕುಗಳ ನಂಬರ್ ನೋಡುತ್ತಿದ್ದೆ.

ನಗುವಂಥದ್ದೂ ಇತ್ತು. ಕ್ಲಚ್ಚಿನ ತಳ್ಳುಕಡ್ಡಿಯ ತುದಿಯಲ್ಲಿ ಅಲಸಂದೆ ಕಾಳಿನಷ್ಟು ಉಕ್ಕಿನ ಗುಂಡೊಂದು ಇರುತ್ತದೆ. ಒಮ್ಮೆ ಮೊರದಲ್ಲಿಟ್ಟಿದ್ದ ಆ ಗುಂಡನ್ನು ನನ್ನ ಕಣ್ಣೆದುರಿಗೇ ನಮ್ಮ ಕೋಳಿ ಕುಕ್ಕಿ ನುಂಗಿತು. ಬೈಕು ಒಬ್ಬ ಮೇಷ್ಟ್ರದು, ಸಂಜೆಗೆ ಬೇಕಿತ್ತು. ಯಜಮಾನರು ಚಾಕು ತಂದರು.

"ಬ್ಯಾಡ ಕಣ್ರೀ, ಮೊಟ್ಟೆ ಇಡೋ ಕೋಳಿ. ಬೆಳಗ್ಗೆ ತಾನಾಗೇ ಬತ್ತದೆ."

"ಮೇಷ್ಟ್ರಿಗೆ ಏನಂತ ಹೇಳ್ಲಿ? ಗುಂಡು ಕೋಳಿ ಹೊಟ್ಟೇಲೈತೆ, ನಾಳೆ ಬನ್ನಿ ಅಂತ್ಲಾ?"

ಹಾಗೆಯೇ ಹೇಳಿದರು. ಕೋಳಿಯನ್ನು ಬುಟ್ಟಿಯಡಿ ಕವುಚಿಟ್ಟೆವು. ಬೆಳಗ್ಗೆ ಗುಂಡು ಸಿಕ್ಕಿತು, ತೊಳೆದು ಹಾಕಿದೆ. ಉಸ್ತಾದರಿಗೆ ಸುದ್ದಿ ಮುಟ್ಟಿದಾಗ, "ಕೋಳಿ ಶಿಸ್ತಿಂದು. ತಗಂಡಿದ್ದನ್ನ ವಾಪಸ್ ಕೊಡ್ತು," ಎಂದರಂತೆ. ಕ್ಲಚ್ ಕೆಲಸದ ದಿನ ಕೋಳಿ ಬಿಡದಿರುವುದು ಅಂದಿನಿಂದ ನೇಮ.

ಗಿರಾಕಿಗಳಿಗೆ ನನ್ನ ವಿಷಯ ಗೊತ್ತಿರಲಿಲ್ಲ. ಶುರುವಿನಲ್ಲಿ ಒಬ್ಬರು ಮನೆಯವರೆಗೆ ಬಂದು, ಎಣ್ಣೆ ಮೆತ್ತಿದ ನನ್ನ ಬಳೆ ನೋಡಿ, "ಏನಯ್ಯಾ ರಂಗ, ಹೆಂಗಸ್ರ ಕೈಲಿ ಬಿಗಿಸ್ತೀಯಾ ನನ್ ಗಾಡೀನ?" ಎಂದು ಬಿಚ್ಚಿದ ಸಾಮಾನನ್ನು ಚೀಲಕ್ಕೆ ತುಂಬಿಸಿಕೊಂಡು ಹೋದರು. ಆಮೇಲೆ ಕೆಲಸಕ್ಕೆ ಕೂರುವಾಗ ಬಳೆ ತೆಗೆದಿಡುತ್ತಿದ್ದೆ. ಯಾರಾದರೂ ಬಂದರೆ ಒಳಗೆ ಹೋಗುತ್ತಿದ್ದೆ. "ನಾನೇ ಬಿಗಿದಿದ್ದು ಕಣಣ್ಣ" ಎಂದು ಯಜಮಾನರು ಹೇಳುವುದು ಒಳಕೋಣೆಗೆ ಕೇಳುತ್ತಿತ್ತು. ಬೇಜಾರಾಗುತ್ತಿತ್ತೇ ಎಂದರೆ, ಸುಳ್ಳು ಹೇಳುವುದಿಲ್ಲ, ಒಳ್ಳೆಯದೇ ಅನ್ನಿಸುತ್ತಿತ್ತು. ತಪ್ಪಾದರೆ ಅವರ ಹೆಸರಿಗೆ. ನಾನು ಅದರ ನೆರಳಿನಲ್ಲಿ ಕೂತಿದ್ದೆ.

ಇನ್ನೊಂದು ಗುಟ್ಟು. ನನಗೆ ಬೈಕ್ ಓಡಿಸಲು ಬರುವುದಿಲ್ಲ. ಹಿಂದೆ ಕೂರುವುದಕ್ಕೂ ಹೆದರಿಕೆ. ಸ್ಟ್ಯಾಂಡ್ ಹಾಕಿ, ಗೇರಿಗೆ ಹಾಕಿ, ಎಡಗೈಯಲ್ಲಿ ಕ್ಲಚ್ಚಿನ ಲಿವರ್ ಹಿಡಿದು ಹಿಂದಿನ ಚಕ್ರವನ್ನು ಇನ್ನೊಂದು ಕೈಯಲ್ಲಿ ತಿರುಗಿಸಿ ನೋಡುವುದಷ್ಟೇ ನನ್ನ ಪರೀಕ್ಷೆ. ರಸ್ತೆಯ ಪರೀಕ್ಷೆ ಯಜಮಾನರದ್ದು.

ಕಾಲ ಬದಲಾಯಿತು. ಮೊದಲು ಎಣ್ಣೆ ಜಿನುಗದಂತೆ ಮುಚ್ಚಳದಡಿ ಇಡುವ ಗ್ಯಾಸ್ಕೆಟ್ಟನ್ನು ಮದುವೆ ಕಾಗದದ ರಟ್ಟಿನಲ್ಲಿ ನಾನೇ ಕತ್ತರಿಸುತ್ತಿದ್ದೆ. ಆಮೇಲೆ ಟ್ಯೂಬಿನಲ್ಲಿ ಪೇಸ್ಟು ಬಂತು. ಪ್ಲೇಟುಗಳು ಬಿಡಿಯಾಗಿ ಸಿಗುತ್ತಿದ್ದವು, ಈಗ ಇಡೀ ಸೆಟ್ಟು. ಈಗಿನವರು ಫೋನನ್ನು ಗೋಡೆಗೆ ಒರಗಿಸಿ ವಿಡಿಯೋ ನೋಡಿಕೊಂಡೇ ಬಿಚ್ಚುತ್ತಾರೆ. ಒಳ್ಳೆಯದೇ. ಆದರೆ ವಿಡಿಯೋದಲ್ಲಿ ಪಕ್ಕದ ಮನೆಯವರು ಬಂದು ಮೊರ ಕೇಳುವುದಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ. ನಾನು ಕೆಲಸ ಬಿಡುವುದಕ್ಕೆ ಎರಡು ವರ್ಷ ಹಿಂದಿನ ಮಾತು.

ವಳ್ಳೂರಿನ ಓಬಳೇಶನೆಂಬ ಹುಡುಗ ಹೆಂಡತಿ ಸುಜಾತಳ ಜೊತೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಮಧುಗಿರಿಗೆ ಬಂದಿದ್ದ. ಅವನು ಸೋಲಾರ್ ಪಾರ್ಕಿನಲ್ಲಿ ಗಾಜಿನ ಹಲಗೆ ತೊಳೆಯುವ ಕೆಲಸದಲ್ಲಿದ್ದ. ಬೈಕು ಅವನಪ್ಪನದು, ಪಾರ್ಕಿನ ಜಾಗ ಇನ್ನೂ ಹೊಲವಾಗಿದ್ದು ಅಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದ ಕಾಲದ್ದು. ಲಿವರ್ ಹಿಡಿದರೂ ಬೈಕು ಮುಂದಕ್ಕೆ ಎಗರುತ್ತಿತ್ತು. ಯಜಮಾನರು ಹಿಂದಿನ ಸಂಜೆಯೇ ನೋಡಿ, ಹಬ್ಬೇ ಸವೆದಿದೆ ಎಂದು ಹೊಸ ಸಾಮಾನು ಕೊಂಡಿಟ್ಟು, ಬೆಳಗ್ಗೆಯೇ ಬೈಕನ್ನು ಮನೆಗೆ ತಂದು ಮಲಗಿಸಿ, ಶೆಡ್ಡಿಗೆ ಹೋದರು. ಸುಜಾತ ಏಳು ತಿಂಗಳ ಬಸುರಿ. ಶೆಡ್ಡಿನ ಬಿಸಿಲಲ್ಲಿ ಎಲ್ಲಿ ಕೂರುತ್ತಾಳೆಂದು ಗಂಡ ಹೆಂಡತಿ ಇಬ್ಬರೂ ನಮ್ಮ ಜಗಲಿಗೆ ಬಂದರು. ಹಾಗಾಗಿ ಅಪರೂಪಕ್ಕೆ ಗಿರಾಕಿಯ ಎದುರಿಗೇ ನಾನು ಕೆಲಸಕ್ಕೆ ಕೂತೆ.

"ಏಮಕ್ಕಾ, ನೀವಾ ಮಾಡೋದು?" ಓಬಳೇಶ ಕೇಳಿದ.

"ಮಾಡಿದ್ರೆ ಆಗಕ್ಕಿಲ್ವಾ?" ಎಂದಳು ಸುಜಾತ ನನಗಿಂತ ಮೊದಲೇ. "ನೀನು ಮನೇಲಿ ಸ್ಟವ್ ಪಿನ್ನೂ ಹಾಕದೋನು."

ಬಸ್ಸಿನ ವಾಸನೆಗೆ ವಾಂತಿ ಬರುತ್ತದೆಂದು ಅವಳು ಅಷ್ಟು ದೂರ ಬೈಕಿನಲ್ಲೇ ಬಂದಿದ್ದಳು. ಹಾಗೆ ಬರಬಾರದೆಂದು ನಾನು ಬೈದೆ. ಕೈ ಕೆಲಸ ಮಾಡುತ್ತಿತ್ತು, ಬಾಯಿ ಬೈಯುತ್ತಿತ್ತು. ಹಳೆಯದನ್ನೆಲ್ಲ ಬಿಚ್ಚಿ ಕಾಗದದಲ್ಲಿ ಕಟ್ಟಿ ಅವರ ಕೈಗೇ ಕೊಟ್ಟೆ. ಹಳೇ ಸಾಮಾನು ಗಿರಾಕಿಗೆ ಕೊಡುವುದು ನಮ್ಮ ಪದ್ಧತಿ. ಹೊಸದನ್ನು ಎಣ್ಣೆ ಸವರಿ ಮೊರದಲ್ಲಿ ಸಾಲಾಗಿ ಇಟ್ಟೆ.

ಆಗ ಪಕ್ಕದ ಮನೆಯ ತಿಮ್ಮಕ್ಕ ಬಂದಳು. "ಸಾವಿತ್ರೀ, ನಮ್ಮ ಮೊರ ಹರಿದೋಯ್ತು ಕಣೆ. ರಾಗಿ ಹಸನು ಮಾಡ್ಬೇಕು, ಮಿಲ್ಲಿನೋನು ಮಧ್ಯಾಹ್ನಕ್ಕೆ ಬಾಗ್ಲು ಹಾಕ್ತಾನೆ. ಕೊಡು ವಸಿ."

ನಮ್ಮಲ್ಲಿ ಮೊರ ಕೇಳಿದವರಿಗೆ ಇಲ್ಲ ಅನ್ನಬಾರದು, ಬರಿದಾಗಿಯೂ ಕೊಡಬಾರದು. ನಾನು ಮೊರದ ಸಾಮಾನನ್ನೆಲ್ಲ ಅದೇ ಸಾಲಿನಲ್ಲಿ ಒಂದೊಂದಾಗಿ ಎತ್ತಿ ಊಟದ ತಟ್ಟೆಗೆ ಇಟ್ಟೆ. ಮೊರವನ್ನು ಬಟ್ಟೆಯಲ್ಲಿ ಒಂದು ಸಲ ಒರೆಸಿ, ಒಳಗಿನಿಂದ ಒಂದು ಹಿಡಿ ರಾಗಿ ತಂದು ಹಾಕಿ ಕೊಟ್ಟೆ. ತಿಮ್ಮಕ್ಕ ಹೋದಳು.

ತಟ್ಟೆಯಿಂದ ಹಬ್ಬನ್ನು ಎತ್ತಿ ಕೂರಿಸಿದೆ. ತಟ್ಟೆಯಲ್ಲಿ ಮುಂದೆ ಇದ್ದದ್ದು ನಟ್ಟು. ಬಿಗಿದೆ. ಅಷ್ಟರಲ್ಲಿ ಸುಜಾತ, "ಅಕ್ಕಾ, ಕಣ್ಣು ಕತ್ಲೆ ಬತ್ತಾ ಐತೆ," ಎಂದಳು. ಎದ್ದು ಹೋಗಿ ಉಪ್ಪು ಸಕ್ಕರೆ ಕಲೆಸಿದ ನೀರು ಕುಡಿಸಿ, ಮುಖಕ್ಕೆ ಗಾಳಿ ಹಾಕಿ, ಮಲಗಿಸಿ ಬಂದೆ. ತಟ್ಟೆಯಲ್ಲಿ ಮುಂದೆ ಇದ್ದದ್ದು ಪ್ಲೇಟುಗಳು. ಆಮೇಲೆ ಸ್ಪ್ರಿಂಗು, ಬೋಲ್ಟು, ಮುಚ್ಚಳ. ತಟ್ಟೆ ಖಾಲಿ. ಕೆಲಸ ಖತಂ.

ನಟ್ಟು ಬಿಗಿದ ಮೇಲೆ ವಾಷರಿನ ಕಿವಿ ಮಡಚುವುದು ಬೇರೆಯೇ ಒಂದು ಕೆಲಸ, ಉಳಿಯಿಟ್ಟು ಹೊಡೆಯಬೇಕು, ಅದನ್ನು ಹೇಗೆ ಮರೆತೆ ಎಂದು ನೀವು ಕೇಳಬಹುದು. ನಾನೂ ಇಂದಿಗೂ ಕೇಳಿಕೊಳ್ಳುತ್ತೇನೆ. ಮುಂದೇನು ಎಂದು ತಟ್ಟೆಯನ್ನು ನೋಡಿದೆ, ನಟ್ಟನ್ನು ನೋಡಲಿಲ್ಲ. ಇಷ್ಟು ವರ್ಷ ಮೊರ ಹೇಳಿದ್ದನ್ನು ಕೇಳಿ ಕೇಳಿ ಕಣ್ಣು ಸೋಮಾರಿಯಾಗಿತ್ತು.

ಯಜಮಾನರು ಬಂದು ಓಣಿಯಲ್ಲಿ ಎರಡು ಸುತ್ತು ಓಡಿಸಿ, ಬೆಣ್ಣೆ ಇದ್ದಂಗೈತೆ ಎಂದರು. ಎಲ್ಲರೂ ಉಂಡರು. ಎರಡು ಗಂಟೆಯ ಹೊತ್ತಿಗೆ ಅವರು ಹೊರಟರು. ನಾನು ಎಂದಿನಂತೆ ಸದ್ದು ಕರಗುವವರೆಗೆ ನಿಂತೆ.

ತಟ್ಟೆ ತೊಳೆದು ಕವುಚುವಾಗ ತಿಮ್ಮಕ್ಕ ಮೊರ ವಾಪಸ್ ತಂದಳು. ಮೊರದಲ್ಲಿ ಒಂದು ಹಿಡಿ ಕಡಲೆಬೀಜ, ಅದರ ಮೇಲೆ ಒಂದು ತಗಡಿನ ಬಿಲ್ಲೆ.

"ಇದೇನೇ ಇದು, ರಾಗಿ ಕೇರ್ತಾ ಕೇರ್ತಾ ಟಣ್ ಅಂತ ಬಿತ್ತು. ಮೊರದ ಮೂಲೇಲಿ ಅಂಟ್ಕಂಡಿತ್ತು ಅನ್ಸುತ್ತೆ. ನಿಂದೇನಾ?"

ಮೇಲೆಲ್ಲ ರಾಗಿ ಹೊಟ್ಟು ಮೆತ್ತಿತ್ತು. ಒರೆಸಿದೆ. ಕಿವಿಗಳು ನೆಟ್ಟಗಿದ್ದವು, ಒಂದೂ ಮಡಚಿರಲಿಲ್ಲ. ಹೊಸದು. ಯಜಮಾನರು ಒಳಗೆ ಮಲಗಿದ್ದರು. ಹೋಗಿ ಅವರ ಕೈಯಲ್ಲಿ ವಾಷರ್ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಅಂಗಿ ಹಾಕಿಕೊಂಡರು.

ಓಬಳೇಶನ ಫೋನಿಗೆ ಮಾಡಿದೆ. ರಿಂಗಾಗುತ್ತಿತ್ತು, ಎತ್ತಲಿಲ್ಲ. ಗಾಡಿ ಓಡಿಸುವವನು ಹೇಗೆ ಎತ್ತಿಯಾನು? ಯಜಮಾನರು ತಮ್ಮ ಬೈಕ್ ತೆಗೆದರು.

"ನೀನು ಮನೇಲಿರು, ನಾನು ನೋಡ್ತೀನಿ."

"ಇರಕ್ಕಾಗಲ್ಲ," ಎಂದು ಸ್ಪ್ಯಾನರ್ ಚೀಲ, ಉಳಿ, ಸುತ್ತಿಗೆ, ಪೇಸ್ಟಿನ ಟ್ಯೂಬು ತೆಗೆದುಕೊಂಡು ಹಿಂದೆ ಕೂತೆ. ವಾಷರನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಮಿಡಿಗೇಶಿಯವರೆಗಿನ ಆ ರಸ್ತೆ ನನಗೆ ಅಷ್ಟು ಉದ್ದ ಎಂದೂ ಕಂಡಿರಲಿಲ್ಲ. ಒಂದು ಕೈಯಲ್ಲಿ ಯಜಮಾನರ ಭುಜ ಹಿಡಿದು, ಇನ್ನೊಂದು ಕೈಯಲ್ಲಿ ಫೋನು. ಮತ್ತೆ ಮತ್ತೆ ಮಾಡಿದೆ. ಪ್ರತಿ ಸಲ ರಿಂಗು ಮುಗಿದು, ಚಂದಾದಾರರು ಉತ್ತರಿಸುತ್ತಿಲ್ಲ ಎಂದು ಹೆಂಗಸಿನ ದನಿ ಬರುತ್ತಿತ್ತು. ದೂರದಲ್ಲಿ ರಸ್ತೆಯ ಪಕ್ಕ ಜನ ಗುಂಪುಗೂಡಿದ್ದರು. "ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ," ಎಂದೆ. ಏಕೆ ಹಾಗಂದೆನೋ. ನೋಡಿದರೆ ಲಾರಿಗೆ ಹುಣಸೆಹಣ್ಣು ತುಂಬುತ್ತಿದ್ದರು.

ಇನ್ನೂ ಸ್ವಲ್ಪ ಮುಂದೆ ರಸ್ತೆಯ ನಡುವೆ ಒಂದು ಹೆಂಗಸಿನ ಚಪ್ಪಲಿ ಬಿದ್ದಿತ್ತು. ಒಂದೇ. ಯಜಮಾನರು ಬ್ರೇಕ್ ಹಾಕಿದರು. ನೇರಳೆ ಬಣ್ಣದ್ದು, ಹೊಸತು. ಸುಜಾತಳ ಚಪ್ಪಲಿ ಬೆಳಗ್ಗೆಯಿಂದ ನಮ್ಮ ಹೊಸ್ತಿಲ ಬಳಿಯೇ ಇತ್ತು. ನಾನು ಅದನ್ನು ದಾಟಿಕೊಂಡು ಹತ್ತು ಸಲ ಓಡಾಡಿದ್ದೆ. ಬಣ್ಣ ನೆನಪಾಗಲಿಲ್ಲ. ಯಾವ ವರ್ಷದ ಯಾವ ಬೈಕಿಗೆ ಎಷ್ಟು ಪ್ಲೇಟು ಎಂದು ನಿದ್ದೆಯಲ್ಲಿ ಹೇಳುವವಳಿಗೆ ಅದು ನೆನಪಾಗಲಿಲ್ಲ. ಸುತ್ತ ಪೊದೆಯನ್ನೆಲ್ಲ ನೋಡಿದೆವು. ಟಾರಿನ ಮೇಲೆ ಉಜ್ಜಿದ ಗುರುತು ಇರಲಿಲ್ಲ. "ಗಾಡಿ ಹತ್ತು," ಎಂದರು ಯಜಮಾನರು. ಅವರ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

ಮಿಡಿಗೇಶಿ ಬೆಟ್ಟ ಹಿಂದೆ ಸರಿದ ಮೇಲೆ, ಒಂದು ತಿರುವಿನಾಚೆ, ಹೊಂಗೆ ಮರದಡಿ ಟೀ ಅಂಗಡಿ. ಬೈಕು ನಿಂತಿತ್ತು. ನಿಂತಿತ್ತು ಎಂಬುದನ್ನು ನಾನು ಎರಡು ಸಲ ನೋಡಿ ನಂಬಿದೆ. ಬೆಂಚಿನ ಮೇಲೆ ಸುಜಾತ ಕೂತು ಬನ್ನು ತಿನ್ನುತ್ತಿದ್ದಳು. ಕಾಲಲ್ಲಿ ಕಪ್ಪು ಚಪ್ಪಲಿ. ಓಬಳೇಶ ಬೈಕಿನ ಹ್ಯಾಂಡಲ್ ಹತ್ತಿರ ಬಗ್ಗಿ ಏನೋ ತಿರುವುತ್ತಿದ್ದ.

"ಅರೆ, ಏಮಣ್ಣಾ ನೀವು ಇಲ್ಲಿ? ಲಿವರ್ ಯಾಕೋ ಸಡ್ಲ ಬಂತಣ್ಣಾ. ತಿರುವಲ್ಲಿ ಗೇರು ಬೀಳ್ಲೇ ಇಲ್ಲ. ಅದಕ್ಕೆ ಕೇಬಲ್ ಟೈಟ್ ಮಾಡ್ಕಂತಾ ಇದೀನಿ, ಎರಡನೇ ಸಾರಿ."

ಎರಡನೇ ಸಾರಿ. ಯಜಮಾನರು ನನ್ನ ಕಡೆ ನೋಡದೆ, ಮೆಲ್ಲಗೆ, "ಆಯಿಲ್ ಲೀಕ್ ನೋಡಾಕೆ ಬಂದ್ವಿ ಅಂತೀನಿ. ನೀನು ಸುಮ್ನಿರು," ಎಂದರು. ಅದು ನನ್ನನ್ನು ಉಳಿಸುವ ಮಾತು. ಇಪ್ಪತ್ತು ವರ್ಷದಿಂದ ಒಳಕೋಣೆಗೆ ಕೇಳುತ್ತಿದ್ದ ಮಾತು. ಆದರೆ ಅಲ್ಲಿ ಒಳಕೋಣೆ ಇರಲಿಲ್ಲ. ನಾನು ಸೆರಗಿನ ಗಂಟು ಬಿಚ್ಚಿ ವಾಷರನ್ನು ಓಬಳೇಶನ ಮುಂದೆ ಹಿಡಿದೆ.

"ಇದನ್ನ ನಾನು ಹಾಕಿಲ್ಲಪ್ಪ. ಮರ್ತೆ. ಇದಿಲ್ದೆ ಗಾಡಿ ಓಡಿಸ್ಬಾರ್ದು."

ಅಂಗಡಿಯವನ ಗೋಣಿಚೀಲ ಹಾಸಿ ಬೈಕನ್ನು ಅಲ್ಲೇ ಮಲಗಿಸಿದೆವು. ಮುಚ್ಚಳ ತೆಗೆದು, ಸ್ಪ್ರಿಂಗು, ಪ್ಲೇಟು ತೆಗೆದೆ. ನಟ್ಟಿಗೆ ಸ್ಪ್ಯಾನರ್ ಹಾಕುವ ಮೊದಲು ಬೆರಳಿಟ್ಟು ನೋಡಿದೆ. ಎರಡೇ ಬೆರಳಿಗೆ ಅದು ತಿರುಗಿತು. ಬಾಟಲಿಯ ಮುಚ್ಚಳದಷ್ಟು ಹಗುರವಾಗಿ ತಿರುಗಿತು.

ಓಬಳೇಶ ಅದನ್ನು ನೋಡಿದ. ಟೀ ಅಂಗಡಿಯವನು ಸ್ಟೋವ್ ಆರಿಸಿ ಬಂದು ನಿಂತ. ನಾನು ವಾಷರ್ ಕೂರಿಸಿ, ನಟ್ಟು ಬಿಗಿದು, ಕಿವಿಯನ್ನು ಉಳಿಯಿಂದ ಮಡಚಿದೆ. ಒಂದು ಏಟು ಹೆಬ್ಬೆಟ್ಟಿಗೇ ಬಿತ್ತು. ಎಲ್ಲ ಕಟ್ಟಿ ಮುಗಿಸಿ, ಓಬಳೇಶ ಬಿಗಿಮಾಡಿಕೊಂಡಿದ್ದ ಕೇಬಲ್ಲನ್ನು ಸಡಿಲಿಸಿ ಮೊದಲಿನ ಅಳತೆಗೆ ತಂದೆ. ಬೈಕ್ ಎತ್ತಿ ನಿಲ್ಲಿಸಿದ ಮೇಲೆ ಅವನು ಕೇಳಿದ.

"ಅಕ್ಕಾ, ಇನ್ನೂ ಒಂದು ಗಂಟೆ ಓಡಿದ್ರೆ ಏನಾಗೋದು?"

"ಹಿಂದಿನ ಚಕ್ರ ಹಿಡ್ಕಂಡುಬುಡೋದು."

"ನನ್ನ ಹಿಂದೆ ಇವಳು ಕೂತಿದ್ಳು."

"ಹೂಂ."

"ನಾನಿನ್ನು ಇದ್ರ ಮ್ಯಾಲೆ ಕೂತ್ಕಳಲ್ಲ," ಎಂದಳು ಸುಜಾತ. ದನಿ ಏರಿಸಲಿಲ್ಲ. "ಬಸ್ಸು ಬತ್ತದೆ, ಅದ್ರಲ್ಲೇ ಹೋಗ್ತೀನಿ. ವಾಂತಿ ಬಂದ್ರೆ ಬರ್ಲಿ."

"ನಾನು ಕೂತ್ಕಂತೀನಮ್ಮ ಪಾವಗಡದ ಗಂಟ," ಎಂದರು ಯಜಮಾನರು. "ಈಗೇನೂ ಆಗಲ್ಲ, ನೋಡೀವಂತೆ."

ಸುಜಾತ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಬಿಗಿದೋರು ಅಕ್ಕ ಅಲ್ವೇನಣ್ಣಾ."

ಅದು ಸಿಟ್ಟೋ, ಚುಚ್ಚು ಮಾತೋ, ಸುಮ್ಮನೆ ನ್ಯಾಯವೋ, ಇಂದಿಗೂ ನನಗೆ ತಿಳಿಯದು. ಬಸ್ಸು ಬಂತು. ಕಿಟಕಿಯ ಪಕ್ಕ ಅವಳನ್ನು ಕೂರಿಸಿ, ಟೀ ಅಂಗಡಿಯಿಂದ ತಂದ ನಿಂಬೆಹಣ್ಣನ್ನು ಕೈಗೆ ಕೊಟ್ಟೆ. ಬಂದು ಓಬಳೇಶನ ಹಿಂದೆ ಕೂತೆ. ಯಜಮಾನರು ನಮ್ಮ ಹಿಂದೆ.

ಪಾವಗಡದ ದಾರಿಯಲ್ಲಿ ನಾನು ಹೊಲ ನೋಡಲಿಲ್ಲ, ಊರು ನೋಡಲಿಲ್ಲ. ಓಬಳೇಶನ ಬಲಗಾಲ ಪಕ್ಕದಲ್ಲೇ ಆ ಮುಚ್ಚಳವಿತ್ತು. ಒಳಗಿನ ಪ್ರತಿ ಸಾಮಾನೂ ನನಗೆ ಕಾಣುತ್ತಿತ್ತು. ಓಬಳೇಶ ಲಿವರ್ ಹಿಡಿದಾಗಲೆಲ್ಲ ನನ್ನ ಎಡಗೈ ತಾನಾಗಿ ಮುಷ್ಟಿ ಹಿಡಿಯುತ್ತಿತ್ತು. ಬಿಟ್ಟಾಗ ಬಿಡುತ್ತಿತ್ತು. ಇಳಿಜಾರಿನಲ್ಲಿ ಏನೋ ಸಣ್ಣ ಕಟಕಟ ಕೇಳಿ ಮುಚ್ಚಳದ ಕಡೆ ಕಿವಿಗೊಟ್ಟೆ. ನನ್ನ ಚೀಲದ ಸ್ಪ್ಯಾನರುಗಳೇ ಅವು. ನೂರಾರು ಜನರನ್ನು ನಾನು ಹೀಗೆ ಕೂರಿಸಿ ಕಳಿಸಿದ್ದೆ. ಜಗಲಿಯಲ್ಲಿ ನಿಂತು ಪಟ್ಟ ಭಯವೇ ದೊಡ್ಡದೆಂದುಕೊಂಡಿದ್ದೆ. ಅವರು ನೆಮ್ಮದಿಯಾಗಿ ಕೂತಿರುತ್ತಿದ್ದರಲ್ಲ, ಅದು ನೆನಪಾಗಿ ಇನ್ನೂ ಹೆದರಿಕೆಯಾಯಿತು.

"ಅಕ್ಕಾ, ಭುಜ ನೋವಾಗ್ತೈತೆ. ವಸಿ ಮೆತ್ತಗೆ ಹಿಡ್ಕಳಿ," ಎಂದ ಓಬಳೇಶ. 

ಪಾವಗಡದ ಕೋಟೆ ಬೆಟ್ಟ ಕಂಡಾಗ ಹೊತ್ತು ಇಳಿಯುತ್ತಿತ್ತು. ಬಸ್ ನಿಲ್ದಾಣದಲ್ಲಿ ಇಳಿದು ಬೈಕಿನ ಮುಚ್ಚಳಕ್ಕೆ ಕೈ ಇಟ್ಟೆ. ಬಿಸಿ ಇತ್ತು, ಎಣ್ಣೆ ಜಿನುಗಿರಲಿಲ್ಲ. ಲಿವರ್ ಹಿಡಿದು ನೋಡಿದೆ. ಟೀ ಅಂಗಡಿಯಲ್ಲಿ ಇಟ್ಟ ಅಳತೆಯಲ್ಲೇ ಇತ್ತು.

ಬಸ್ಸು ಬಂತು. ಸುಜಾತ ಬಿಳಿಚಿಕೊಂಡು ಇಳಿದಳು. ದಾರಿಯಲ್ಲಿ ಎರಡು ಸಲ ವಾಂತಿಯಾಗಿತ್ತಂತೆ. ನೀರು ಕುಡಿದು, ಬಾಯಿ ಒರೆಸಿಕೊಂಡು, ನನ್ನ ಹತ್ತಿರ ಬಂದಳು.

"ಹೆಂಗಿತ್ತಕ್ಕಾ?"

"ಭಯ ಆಯ್ತು ಕಣಮ್ಮ."

"ನಂಗೂ. ಕಿಟಕೀಲಿ ನಿಮ್ಮನ್ನೇ ನೋಡ್ತಾ ಬಂದೆ, ಕಾಣೋ ಗಂಟ." ಸ್ವಲ್ಪ ಹೊತ್ತು ಬೈಕನ್ನು ನೋಡಿದಳು. ಆಮೇಲೆ ಗಂಡನ ಭುಜ ಹಿಡಿದು, ಮೆಲ್ಲಗೆ, ಒಂದು ಮಗ್ಗುಲಾಗಿ ಹತ್ತಿ ಕೂತಳು. "ನಡಿ. ಅಕ್ಕ ಹಿಂದೆ ಬರ್ಲಿ. ನಿಧಾನ."

ಕೂರು ಎಂದು ನಾನು ಹೇಳಿರಲಿಲ್ಲ. ಹೇಳುವ ಹಕ್ಕೂ ನನಗಿರಲಿಲ್ಲ.

ತಿರುಮಣಿ ದಾಟಿ ವಳ್ಳೂರಿನವರೆಗೂ ಅವರ ಹಿಂದೆಯೇ ಹೋದೆವು. ರಸ್ತೆಯ ಎರಡೂ ಕಡೆ ಗಾಜಿನ ಹಲಗೆಗಳು, ಕಣ್ಣು ಹಾಯುವವರೆಗೂ. ನಾನು ನೋಡುತ್ತಿದ್ದದ್ದು ಮುಂದಿನ ಬೈಕಿನ ಹಿಂದಿನ ಚಕ್ರ ಒಂದನ್ನೇ.

ಅಂದಿನಿಂದ ಮೊರ ಬಿಟ್ಟೆ. ಒಂದು ಹಲಗೆಗೆ ಮೊಳೆ ಹೊಡೆದು, ಪ್ರತಿ ಸಾಮಾನಿಗೂ ಒಂದು ಮೊಳೆ ಎಂದು ಮಾಡಿ, ನಟ್ಟು ಬಿಗಿದ ಮೇಲೆ ಯಾರನ್ನಾದರೂ ಕರೆದು ಕಿವಿ ಮಡಚಿದ್ದನ್ನು ತೋರಿಸಿ ಆಮೇಲೆ ಮುಂದುವರಿಯುತ್ತಿದ್ದೆ. ಹೆಚ್ಚಾಗಿ ತಿಮ್ಮಕ್ಕನೇ ಬಂದು ನೋಡುತ್ತಿದ್ದಳು. "ಮಡಚೈತೆ ಕಣೆ, ನಂಗೇನು ಗೊತ್ತಾಯ್ತದೆ ಅಂತ ಕರೀತೀಯ," ಎನ್ನುತ್ತಿದ್ದಳು. ಕೆಲಸ ಬಿಡುವ ದಿನದವರೆಗೂ ಯಾರ ಬೈಕು ಬಂದರೂ, ಯಾರು ಬಿಗಿದದ್ದೆಂದು ಕೇಳಿದರೆ ನಾನೆಂದೇ ಹೇಳಿದೆ. ಕೆಲವರು ಸಾಮಾನು ತುಂಬಿಕೊಂಡು ಹೋದರು. ಹೋಗಲಿ.

ಮಾರನೆಯ ದಿನದ ಹಾಳೆಯಲ್ಲಿ ಮೊದಲು ಹಿಂದಿನ ದಿನದ ಬಾಕಿಯನ್ನು ಬರೆದಿದ್ದೇನೆ:

ಕತ್ತಲಲ್ಲಿ ಯಜಮಾನರಿಗೆ ಗಾಡಿ ಓಡಿಸಲು ಕಣ್ಣು ಸಾಲದೆಂದು ವಳ್ಳೂರಿನಲ್ಲೇ ಉಳಿದೆವು. ಓಬಳೇಶನ ತಾಯಿಗೆ ಎಲ್ಲ ಹೇಳಿದೆ. ಆಯಮ್ಮ ನನ್ನ ಹೆಬ್ಬೆಟ್ಟಿಗೆ ಅರಿಶಿನ ಕಟ್ಟಿದರು. ರಾಗಿಮುದ್ದೆ, ಹುರುಳಿಕಟ್ಟಿನ ಸಾರು, ಕಡಲೆಬೀಜದ ಚಟ್ನಿ. ನನಗೆ ಅರ್ಧ ಮುದ್ದೆ ಹೋಯಿತು. ಸುಜಾತ ಒಂದೂವರೆ ಉಂಡಳು. ನಡುಮನೆಯಲ್ಲಿ ಚಾಪೆ. ಮೊದಲು ಮಲಗಿದ್ದು ಸುಜಾತ, ನನ್ನ ಪಕ್ಕದಲ್ಲಿ, ಎಡಮಗ್ಗುಲಿಗೆ. ಆಮೇಲೆ ಓಬಳೇಶ, ಅವನ ತಾಯಿ, ಯಜಮಾನರು. ನಾನು ಕೊನೆಗೆ.